ರಾಶಿ ಕೆಲಸ

ಕೆಲಸ ವಿಪರೀತವಾದರೆ ಇಂಗ್ಲಿಷರು ಹಿಮದಡಿ ಹೂತುಹೋದೆ ಅನ್ನುತ್ತಾರೆ. ಜವುಗಿನಲ್ಲಿ ಮುಳುಗಿದೆ, ಕಿವಿಮಟ್ಟ ಬಂದಿದೆ ಅನ್ನುತ್ತಾರೆ. ಹೇಗೆ ಹೇಳಿದರೂ ಕೆಲಸ ಮೇಲೆ, ಮನುಷ್ಯ ಕೆಳಗೆ. ಉತ್ತರ ಕನ್ನಡದ ಅಂಕೋಲೆಯಲ್ಲಿ ಹಿಮ ಬೀಳದು. ಮುಳುಗಿಸುವಷ್ಟು ನೀರಂತೂ ಇದೆ. 2019ರ ಆಗಸ್ಟ್‌ನಲ್ಲಿ ಗಂಗಾವಳಿ ನದಿ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಆದರೂ ಇಲ್ಲಿ ಕಿವಿಗೆ ಬೀಳುವುದು 'ರಾಶಿ ಕೆಲಸ ಅದೆ' ಎಂಬ ಮಾತು. ಕಣದಲ್ಲಿ ಗುಡ್ಡೆಯಾದ ಭತ್ತವೂ ರಾಶಿಯೇ, ಖುಷಿ ಹೆಚ್ಚಾದರೆ ಅದೂ ರಾಶಿ ಖುಷಿ. ದುಡಿಮೆಯ ಭಾರಕ್ಕೂ ಸುಗ್ಗಿಯ ಸಮೃದ್ಧಿಗೂ ಒಂದೇ ಹೆಸರಿಟ್ಟವರ ಮನಸ್ಸು ಎಂಥದಿರಬೇಕು!

ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ ಎಂದು ಕನ್ನಡಿಗರೆಲ್ಲ ಹೇಳುತ್ತೇವೆ. ನಾಟಿಯ ಗದ್ದೆಯಲ್ಲಿ ಅದು ಅಕ್ಷರಶಃ ನಿಜ. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ಕೆಸರಿನಲ್ಲಿ, ಬಾಗಿದ ಬೆನ್ನಿನ ಮೇಲೆ ಆಷಾಢದ ಮಳೆ. ಬಿಡುವಾಗಿರುವುದು ಬಾಯಿ ಮಾತ್ರ, ಆ ಬಾಯಿ ಹಾಡುತ್ತದೆ. ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರ ಕಂಠದಲ್ಲಿ ಲೆಕ್ಕಕ್ಕೆ ಸಿಗದಷ್ಟು ಹಾಲಕ್ಕಿ ಸಮುದಾಯದ ಹಾಡುಗಳಿದ್ದವು. ಓದು ಬರಹ ಕಲಿತವರಲ್ಲ. ಬದುಕಿಡೀ ದುಡಿದರು, ನೋವುಂಡರು, ಊರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಪುರುಸೊತ್ತು ಸಿಕ್ಕಾಗ ಹಾಡೋಣ ಎಂದು ಅವರು ಕಾದಿದ್ದರೆ ಆ ಹಾಡುಗಳಲ್ಲಿ ಎಷ್ಟು ಉಳಿಯುತ್ತಿದ್ದವು? ನನಗೆ ಬೆರಗು ಹುಟ್ಟಿಸುವುದು ಇದೇ. ಹಾಡು ಬೆಳೆದದ್ದು ಬಿಡುವಿನಲ್ಲಲ್ಲ, ಕೈ ತುಂಬಿದ ಹೊತ್ತಿನಲ್ಲಿ.

ಅದೇ ತಾಲ್ಲೂಕಿನ ಹೊನ್ನಳ್ಳಿಯಲ್ಲಿ ತುಳಸಿ ಗೌಡರಿದ್ದರು, 2024ರ ಡಿಸೆಂಬರ್‌ವರೆಗೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯವರಾಗಿ ಸೇರಿ ದಶಕಗಟ್ಟಲೆ ಸಸಿ ಬೆಳೆಸಿದವರು. ಬೀಜದ ಕೆಲಸದಲ್ಲಿ ಅವಸರವೆಲ್ಲ ಮರದ್ದು. ಮಾವು, ಹಲಸು, ಧೂಪದ ಬೀಜ ಒಣಗಿದರೆ ಜೀವ ಹೋಯಿತು. ಆರಿಸಿ ತಂದ ಕೂಡಲೇ ಮಣ್ಣಿಗಿಡಬೇಕು. ಬಲಿಯುವ ಮೊದಲೇ ಕಿತ್ತರೂ ಮೊಳಕೆ ಬಾರದು. ಇನ್ನು ಕೆಲವು ಬೀಜ ತಿಂಗಳುಗಟ್ಟಲೆ ತಾಳುತ್ತವೆ. ಒಂದೊಂದು ಮರಕ್ಕೂ ಅದರದೇ ಗಡುವು, ಯಾವುದೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿರುವುದಿಲ್ಲ. ತುಳಸಿ ಕಾಡಿನಲ್ಲಿ ಬೀಜಕ್ಕೆ ತಕ್ಕ ತಾಯಿಮರ ಯಾವುದೆಂದು ಗುರುತಿಸಿ, ಸರಿಯಾದ ಹೊತ್ತಿಗೆ ಅದರ ಬುಡಕ್ಕೆ ಹೋಗುತ್ತಿದ್ದರು. ಬರಿಗಾಲಲ್ಲೇ ಪದ್ಮಶ್ರೀ ಪಡೆಯಲು ನಡೆದು ಬಂದ ಅವರನ್ನು ದೇಶ ನೋಡಿತು. ನಾನು ಯೋಚಿಸುವುದು ಅವರ ನೆನಪಿನ ಬಗ್ಗೆ. ಅಷ್ಟೊಂದು ಮರಗಳ ಅವಸರಗಳನ್ನು ಒಂದನ್ನೊಂದು ತುಳಿಯದಂತೆ ಒಬ್ಬ ಹೆಂಗಸು ತಲೆಯೊಳಗೆ ಹೇಗೆ ಇಟ್ಟುಕೊಂಡಿದ್ದರು?