ಕೇಳಿಸ್ತದೇನು?

ಒಬ್ಬ ಮನುಷ್ಯ ತನಗೆ ಹಾಡು ಮೊದಲಿಗಿಂತ ಚೆನ್ನಾಗಿ ಕೇಳಿಸ್ತಾ ಇದೆ ಅಂತಾನೆ. ಅದಕ್ಕೆ ಕಾರಣ ಒಂದು ಯಂತ್ರ ಅಂತ ನಂಬಿದ್ದಾನೆ. ಆ ಯಂತ್ರಕ್ಕೆ ಹಾಡನ್ನು ಚೆನ್ನಾಗಿಸುವ ಶಕ್ತಿ ಇಲ್ಲ ಅಂತ ನಿಮಗೆ ಗೊತ್ತು. ಅವನಿಗೆ ಹೇಳಬೇಕೋ, ಬೇಡವೋ? ಅವನ ಖುಷಿಯಿಂದ ಯಾರಿಗೂ ತೊಂದರೆ ಇಲ್ಲ. ಇನ್ನೊಂದು ಮಾತೂ ಇದೆ: ಆ ಯಂತ್ರ ಮಾರಿದರೆ ನಾಕು ಕಾಸು ಉಳಿಯೋದು ನಿಮಗೇ.

ಇದು ಪುಸ್ತಕದ ಪ್ರಶ್ನೆಯಲ್ಲ, ನನ್ನ ಹೊಟ್ಟೆಪಾಡಿನ ಪ್ರಶ್ನೆ. ತಿಂಥಣಿ ಮತ್ತು ಸುತ್ತಲ ಊರುಗಳಲ್ಲಿ ಮನೆಗಳಿಗೆ ಇಂಟರ್ನೆಟ್ ಕೊಡೋದು, ರೌಟರ್ ಕೂಡ್ರಿಸೋದು, ವೈರ್ ಎಳೆಯೋದು ನನ್ನ ಕೆಲಸ. ಬಹಳ ಮಂದಿಗೆ ಬೇಕಾದದ್ದು ಮೊಬೈಲ್‌ನಲ್ಲಿ ಸಿನಿಮಾ ನಿಲ್ಲದೆ ಓಡೋದು, ಅಷ್ಟೇ. ಆದರೆ ಒಬ್ಬ ನಿವೃತ್ತ ಮಾಸ್ತರು ನನ್ನನ್ನು ಬೇರೆ ಕೆಲಸಕ್ಕೆ ಕರೆದರು. ಮೂವತ್ತು ವರ್ಷ ಊರೂರು ತಿರುಗಿ ಪಾಠ ಹೇಳಿದವರು. ಆಗೆಲ್ಲ ಅವರಿಗಿದ್ದ ಸಂಗೀತ ಅಂದ್ರೆ ರೇಡಿಯೊ, ಧಾರವಾಡ ಮತ್ತು ಕಲಬುರಗಿ ಆಕಾಶವಾಣಿ. ಮಲ್ಲಿಕಾರ್ಜುನ ಮನ್ಸೂರರನ್ನು, ಬಸವರಾಜ ರಾಜಗುರುಗಳನ್ನು, ಸಿದ್ಧರಾಮ ಜಂಬಲದಿನ್ನಿಯವರ ವಚನಗಳನ್ನು ಅವರು ಕೇಳಿದ್ದೆಲ್ಲ ಗೊರಗೊರ ಸದ್ದಿನ ನಡುವೆಯೇ. ಮೀಡಿಯಂ ವೇವ್ ರೇಡಿಯೊದಲ್ಲಿ ಸುಮಾರು 5 ಸಾವಿರ ಹರ್ಟ್ಜ್ ಮೇಲಿನ ನಾದ ಹಾಯೋದೇ ಕಷ್ಟ. ಈಗ ಬೆಂಗಳೂರಿನ ಮಗ ಒಳ್ಳೆ ಸ್ಪೀಕರ್, ಆಂಪ್ಲಿಫೈಯರ್, ಇಂಟರ್ನೆಟ್‌ನಿಂದ ಹಾಡು ಎಳೆದು ನುಡಿಸುವ ಸ್ಟ್ರೀಮರ್ ಕೊಡಿಸಿದ್ದಾನೆ. "ಜೀವ ಹೋಗೋದ್ರೊಳಗ ಮನ್ಸೂರರ ಉಸಿರು ಒಮ್ಮೆ ಕೇಳಬೇಕಪ್ಪ" ಅಂದರು ಮಾಸ್ತರು.

ಇದನ್ನು ಶೋಕಿ ಅಂತ ನಕ್ಕವರು ನಮ್ಮೂರಲ್ಲಿ ಇದ್ದಾರೆ. ನಾನು ನಗಲಿಲ್ಲ. "ನಮ್ಮ ಕಡಿ ಮಂದಿಗೆ ಇಷ್ಟು ಸಾಕು ಬಿಡ್ರಿ" ಅನ್ನೋ ಮಾತನ್ನು ರಸ್ತೆಗೆ, ಶಾಲೆಗೆ, ದವಾಖಾನೆಗೆ ಕೇಳಿ ಕೇಳಿ ಸಾಕಾಗಿದೆ. ಅದನ್ನು ಕಿವಿಗೂ ಹೇಳೋದು ಬೇಡ. ಕೃಷ್ಣೆಯ ದಂಡೆಯ ಮನೆಯಲ್ಲಿ ಕೂತವನಿಗೂ ಒಳ್ಳೆಯ ದನಿ ಕೇಳುವ ಹಕ್ಕಿದೆ.

ಮೊದಲು ನಿಜಕ್ಕೂ ಏನು ಬೇಕೋ ಅದನ್ನು ಮಾಡಿದೆ. ಮಾಸ್ತರರದು ದಪ್ಪ ಕಲ್ಲಿನ ಗೋಡೆಯ ಹಳೇ ಮನೆ. ವೈಫೈನಲ್ಲಿ 5 ಗಿಗಾಹರ್ಟ್ಜ್ ಅಲೆ ವೇಗದ್ದು, ಆದರೆ ಅಂಥ ಗೋಡೆ ಎರಡು ದಾಟೋದ್ರಲ್ಲಿ ಸುಸ್ತಾಗ್ತದೆ. 2.4 ಗಿಗಾಹರ್ಟ್ಜ್ ಅಲೆ ದೂರ ಹೋಗ್ತದೆ, ಆದರೆ ಆ ದಾರಿಯಲ್ಲಿ ಅಕ್ಕಪಕ್ಕದ ಮನೆಯವರದೆಲ್ಲ ಗದ್ದಲ. ಹಾಗಾಗಿ ತಲೆಬಾಗಿಲ ಕಬ್ಬಿಣದ ಕಪಾಟಿನ ಹಿಂದೆ ಇದ್ದ ರೌಟರನ್ನು ಪಡಸಾಲೆಗೆ ತಂದೆ. ಅಲ್ಲಿಂದ ಸ್ಟ್ರೀಮರ್‌ಗೆ ನೇರ ಒಂದು ಕೇಬಲ್ ಎಳೆದೆ. ಸಾದಾ ಕ್ಯಾಟ್ 5ಇ ಕೇಬಲ್ 100 ಮೀಟರ್ ತನಕ ನಡೀತದೆ, ಇಲ್ಲಿ ಬೇಕಾದದ್ದು ಹದಿನೈದು ಮೀಟರ್. ಸ್ಪೀಕರ್‌ನಲ್ಲಿ ಗುಂಯ್ ಅನ್ನೋ ಸದ್ದೊಂದಿತ್ತು. ಅದು ಕರೆಂಟಿನ 50 ಹರ್ಟ್ಜ್ ಸದ್ದು, ಮನೆಯ ಅರ್ಥಿಂಗ್ ಒಣಗಿ ಕೆಟ್ಟಿತ್ತು. ಅದನ್ನು ಸರಿ ಮಾಡಿಸಿದ ದಿನ ಮಾಸ್ತರು ಮಗುವಿನಂತೆ ಸಂತೋಷಪಟ್ಟರು. ಇದೆಲ್ಲ ಕಿವಿಗೆ ಗೊತ್ತಾಗುವ ಸುಧಾರಣೆ. ಮೀಟರ್ ಹಚ್ಚಿದರೂ ತೋರಸ್ತದೆ.

ಆಮೇಲೆ ಬಂತು ಸ್ವಿಚ್ಚಿನ ಮಾತು. ಸ್ವಿಚ್ ಅಂದ್ರೆ ದೀಪದ ಬಟನ್ ಅಲ್ಲ. ಒಂದು ನೆಟ್‌ವರ್ಕ್ ಕೇಬಲ್ಲನ್ನು ನಾಲ್ಕಾರು ಕಡೆ ಹಂಚುವ ಡಬ್ಬಿ. ಸಾವಿರ, ಸಾವಿರದೈನೂರಕ್ಕೆ ಒಳ್ಳೆಯದೇ ಸಿಗ್ತದೆ. ಸಂಗೀತ ಕೇಳುವವರಿಗಾಗಿಯೇ ಮಾಡಿದ್ದು ಅಂತ ಮಾರುವ ಸ್ವಿಚ್ಚುಗಳೂ ಇವೆ, ಅವುಗಳ ಬೆಲೆ ಐವತ್ತು ಸಾವಿರ ದಾಟಿ ಲಕ್ಷಗಳಿಗೂ ಹೋಗ್ತದೆ. ಮಗ ಅಂಥದ್ದೊಂದನ್ನು ಗೆಳೆಯನಿಂದ ಹದಿನೈದು ದಿನಕ್ಕೆ ಇಸಕೊಂಡು ಕಳಿಸಿದ. ಮೆಚ್ಚಿಗೆಯಾದರೆ ಹೊಸದನ್ನು ನನ್ನ ಮೂಲಕ ತರಿಸೋದು ಅಂತ ಮಾತು. ಬೆಲೆ ಎಪ್ಪತ್ತು ಸಾವಿರ, ನನಗೆ ಉಳಿಯೋದು ಹತ್ತು ಸಾವಿರ. ನಮ್ಮಂಥ ಅಂಗಡಿಗೆ ಹತ್ತು ಸಾವಿರ ಅಂದ್ರೆ ಸಣ್ಣದಲ್ಲ.

ವಾರ ಬಿಟ್ಟು ಹೋದರೆ ಮಾಸ್ತರರ ಮುಖ ಅರಳಿತ್ತು. "ತಂಬೂರಿ ಬಿಚ್ಚಿಕೊಂಡಂಗ ಆಗ್ಯದ ನೋಡು. ನಿನಗೂ ಕೇಳಿಸ್ತದೇನು?"

ನನಗೆ ಕೇಳಿಸಲಿಲ್ಲ. ಕೇಳಿಸೋಕೆ ಯಾಕೆ ಸಾಧ್ಯವಿಲ್ಲ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಾಡು ನೆಟ್‌ವರ್ಕಿನಲ್ಲಿ ದನಿಯಾಗಿ ಬರೋದಿಲ್ಲ, ಅಂಕಿಗಳಾಗಿ ಬರ್ತದೆ. ಸಿ.ಡಿ. ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 44,100 ಅಳತೆ, ಒಂದೊಂದು ಅಳತೆಗೆ 16 ಬಿಟ್, ಎಡ ಬಲ ಎರಡು ಕಿವಿಗೆ ಸೇರಿ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್. ಅತಿ ದೊಡ್ಡ ದರ್ಜೆಯ 24 ಬಿಟ್, 192 ಕಿಲೋಹರ್ಟ್ಜ್ ಹಾಡಿಗೂ 92 ಲಕ್ಷ ಬಿಟ್ ಸಾಕು. ಹಳೇ ಕಾಲದ 100 ಎಂ.ಬಿ.ಪಿ.ಎಸ್. ತಂತಿಯಲ್ಲೂ ಇಂಥ ಹತ್ತು ಹಾಡು ಒಟ್ಟಿಗೆ ಹಾಯಬಹುದು. ಅಂಕಿಗಳು ಸಣ್ಣ ಸಣ್ಣ ಕಟ್ಟುಗಳಾಗಿ ಬರ್ತವೆ. ಪ್ರತಿ ಕಟ್ಟಿನ ಕೊನೆಗೆ 32 ಬಿಟ್‌ನ ಒಂದು ತಾಳೆಯ ಗುರುತು ಇರ್ತದೆ. ಗುರುತು ತಾಳೆಯಾಗದಿದ್ದರೆ ಆ ಕಟ್ಟನ್ನು ಎಸೆದು, ಇನ್ನೊಮ್ಮೆ ತರಿಸಿಕೊಳ್ತಾರೆ. ಇದೆಲ್ಲ ಕಣ್ಣು ಮಿಟುಕಿಸೋದ್ರೊಳಗೆ ಮುಗೀತದೆ. ಸ್ಟ್ರೀಮರ್ ಹತ್ತಿರ ಮುಂದಿನ ಕೆಲವು ಸೆಕೆಂಡಿನ ಹಾಡು ಯಾವಾಗಲೂ ಕೂಡಿಟ್ಟಿರ್ತದೆ.

ಮಾಸ್ತರರಿಗೆ ನಾನು ಹೇಳಿದ್ದು ಹಗೇವಿನ ಲೆಕ್ಕ. ಹೊಲದಿಂದ ಜೋಳದ ಬಂಡಿ ಒಂದು ಬೇಗ ಬರಬಹುದು, ಒಂದು ತಡವಾಗಿ ಬರಬಹುದು. ಕಾಳು ಹಗೇವು ಸೇರಿದ ಮೇಲೆ ಬೀಸುವ ಕಲ್ಲು ತನ್ನ ವೇಗದಲ್ಲೇ ತಿರುಗ್ತದೆ. ಬಂಡಿ ಎಷ್ಟು ಹೊತ್ತಿಗೆ ಬಂತು ಅನ್ನೋದು ರೊಟ್ಟಿಯ ರುಚಿಯಲ್ಲಿ ಇರೋದಿಲ್ಲ. ಹಾಗೇ ಅಂಕಿಯನ್ನು ದನಿಯಾಗಿಸುವ ಡ್ಯಾಕ್ ಅನ್ನೋ ಭಾಗಕ್ಕೆ ಅದರದೇ ಗಡಿಯಾರ ಇದೆ. ನೆಟ್‌ವರ್ಕ್ ಕೆಟ್ಟರೆ ಹಾಡು ಕಡಿದು ನಿಲ್ತದೆ. ತಂಬೂರಿ ಮಾತ್ರ ಸ್ವಲ್ಪ ಮಂಕಾಗೋದು, ಸ್ವರ ಮಾತ್ರ ಸ್ವಲ್ಪ ತೆಳುವಾಗೋದು, ಹಾಗೆ ಆಗೋದಿಲ್ಲ.

ಎದುರು ವಾದವನ್ನೂ ಹೇಳಿಬಿಡ್ತೀನಿ. ಕೇಬಲ್ಲಿನ ತಾಮ್ರದ ಮೂಲಕ ವಿದ್ಯುತ್ ಕೊಳೆ ಡ್ಯಾಕ್ ತನಕ ಬರಬಹುದು ಅಂತಾರೆ. ಬರಬಹುದು, ಅದು ಸುಳ್ಳಲ್ಲ. ಆದರೆ ನೆಟ್‌ವರ್ಕ್ ಪೋರ್ಟಿನೊಳಗೆ ಅದನ್ನು ತಡೆಯೋಕೇ ಪುಟ್ಟ ಟ್ರಾನ್ಸ್‌ಫಾರ್ಮರ್ ಇರ್ತದೆ. ಅಷ್ಟೂ ನಂಬಿಕೆ ಇಲ್ಲದಿದ್ದರೆ ನಡುವೆ ಒಂದು ತುಂಡು ಗಾಜಿನ ಫೈಬರ್ ಹಾಕಿದರೆ ಮುಗೀತು, ಗಾಜಿನಲ್ಲಿ ಕರೆಂಟ್ ಹರಿಯೋದಿಲ್ಲ. ಆ ಖರ್ಚು ಎರಡು ಮೂರು ಸಾವಿರ. ಎಪ್ಪತ್ತು ಸಾವಿರ ಅಲ್ಲ.

"ಸರ, ಒಂದು ಪರೀಕ್ಷಾ ಮಾಡೋಣ್ರಿ" ಅಂದೆ. "ನೀವು ಬೆನ್ನು ತಿರುವಿ ಕೂಡ್ರಿ. ನಾ ಒಮ್ಮೆ ಈ ಸ್ವಿಚ್, ಒಮ್ಮೆ ಆ ಸ್ವಿಚ್ ಹಚ್ತೀನಿ. ಯಾವುದು ಅಂತ ನೀವು ಹೇಳಬೇಕು."

ಮಾಸ್ತರರಿಗೆ ಸಿಟ್ಟು ಬಂತು. "ಜಾತ್ರಿಗೆ ಹೋಗಿ ದೇವ್ರು ಎಷ್ಟು ಕಿಲೋ ಅದಾನ ಅಂತ ತೂಗ್ತೀಯೇನೋ ತಮ್ಮ?"

ಮಾತು ಚಂದ ಇತ್ತು, ಒಂದು ಗಳಿಗೆ ನಾನೂ ಸುಮ್ಮನಾದೆ. ಕೆಲವು ಸಂಗತಿ ತೂಗಬಾರದು ಅನ್ನೋದು ನಿಜ. ಆದರೆ ಇದು ಅಂಥದ್ದಲ್ಲ. ಎಪ್ಪತ್ತು ಸಾವಿರ ಅಂತ ಬೆಲೆ ಬರೆದವರು ಆಗಲೇ ತೂಗಿಬಿಟ್ಟಿದ್ದಾರೆ. ನಮ್ಮ ಮೌನೇಶ್ವರ ವಿಶ್ವಕರ್ಮರ ಮನೆಯಲ್ಲಿ ಹುಟ್ಟಿದವರು, ಹಿಂದೂ ಮುಸ್ಲಿಂ ಅನ್ನದೆ ಮಂದಿ ನಡಕೊಳ್ಳುವ ಸಂತರು. ಬಂಗಾರ ಒರೆಗಲ್ಲಿಗೆ ಹಚ್ಚಿದರೆ ಬಂಗಾರಕ್ಕೆ ಅವಮಾನ ಆಗೋದಿಲ್ಲ ಅಂತ ಆ ಕುಲದ ಹುಡುಗನಿಗೂ ಗೊತ್ತು. "ಸರ, ನಾ ದೇವ್ರನ್ನ ತೂಗಂಗಿಲ್ರಿ. ಬಂಗಾರ ಅಂತ ಮಾರೋದನ್ನ ಒರೆಗೆ ಹಚ್ತೀನಿ" ಅಂದೆ. ಮಾಸ್ತರು ನಕ್ಕು ಒಪ್ಪಿದರು.

ನಾಣ್ಯ ಚಿಮ್ಮಿ, ಬಿದ್ದ ಹಾಗೆ ಸ್ವಿಚ್ ಬದಲಿಸಿ, ಹನ್ನೆರಡು ಸಲ ಕೇಳಿಸಿದೆ. ಏಳು ಸರಿ ಬಂತು.

"ಏಳು ಅಂದ್ರ ಪಾಸ್ ಅಲ್ಲೇನು?" ಅಂದರು, ಮಾಸ್ತರರಲ್ಲವೇ. ಅಲ್ಲ. ಏನೂ ಕೇಳದೆ ಸುಮ್ಮನೆ ಊಹಿಸಿದರೂ ಹನ್ನೆರಡರಲ್ಲಿ ಏಳು ಅಥವಾ ಹೆಚ್ಚು ಸರಿ ಬರುವ ಸಾಧ್ಯತೆ ನೂರಕ್ಕೆ ಸುಮಾರು 39. ದೊಡ್ಡ ಪರೀಕ್ಷೆಗಳೂ ಆಗಿವೆ, ಅವು ಸ್ವಿಚ್ಚಿನವಲ್ಲ, ಸಿ.ಡಿ. ದರ್ಜೆಗೂ ಅದಕ್ಕಿಂತ ಮೇಲಿನ ದರ್ಜೆಗೂ ಇರುವ ವ್ಯತ್ಯಾಸದವು. 2007ರಲ್ಲಿ ಮೇಯರ್ ಮತ್ತು ಮೊರಾನ್ ಅಮೆರಿಕದಲ್ಲಿ ಮಾಡಿದ 554 ಸಲದ ಪರೀಕ್ಷೆಯಲ್ಲಿ ಸರಿ ಬಂದದ್ದು 276, ಅಂದ್ರೆ ಅರ್ಧ. 2016ರಲ್ಲಿ ಜೋಶುವಾ ರೀಸ್ ಅನ್ನುವವರು ಅಂಥ ಅನೇಕ ಪರೀಕ್ಷೆಗಳನ್ನು ಒಟ್ಟು ಹಾಕಿ ನೋಡಿದಾಗ ನೂರಕ್ಕೆ 52.3 ಸರಿ ಬಂತು. ವ್ಯತ್ಯಾಸ ಇದೆ ಅಂತಲೇ ಹೇಳಬಹುದು, ಆದರೆ ಕೂದಲೆಳೆಯಷ್ಟು. ಅಂಕಿಗಳೇ ಬೇರೆಯಾಗಿರುವಲ್ಲಿ ಗತಿ ಇದು. ಒಂದೇ ಅಂಕಿಗಳು ಎರಡು ಡಬ್ಬಿಯಿಂದ ಬಂದರೆ ಏನು ಹೇಳೋಣ?

ಮಾಸ್ತರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಹಂಗಾದ್ರ ಇಷ್ಟು ದಿನ ನಾ ಕೇಳಿದ್ದು ಸುಳ್ಳೇನು?"

ನನ್ನ ಮಟ್ಟಿಗೆ ಇಡೀ ವಿಚಾರ ಈ ಪ್ರಶ್ನೆಯಲ್ಲಿದೆ. ಇಲ್ಲ, ಸುಳ್ಳಲ್ಲ ಅಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಸ್ವಿಚ್ ಬಂದ ಮೇಲೆ ಮಾಸ್ತರು ಹೇಗೆ ಕೇಳ್ತಿದ್ದರು ನೋಡಿ. ಬಾಗಿಲು ಮುಚ್ಚಿ, ಫೋನ್ ಆಚೆ ಇಟ್ಟು, ಟಿವಿ ಬಂದ್ ಮಾಡಿಸಿ, ಕಣ್ಣು ಮುಚ್ಚಿ, ಒಂದೇ ಹಾಡನ್ನು ಮತ್ತೆ ಮತ್ತೆ. ಏನು ಬದಲಾಗಿದೆ ಅಂತ ಹುಡುಕ್ತಾ ಹುಡುಕ್ತಾ ಅವರು ತಂಬೂರಿಯನ್ನು ಕೇಳಿದರು. ತಂಬೂರಿ ಆ ಹಾಡಿನಲ್ಲಿ ಮೊದಲಿನಿಂದಲೂ ಇತ್ತು. ಕೇಳಿದ್ದು ನಿಜ, ಖುಷಿ ನಿಜ. ಸುಳ್ಳಾದದ್ದು ಅದಕ್ಕೆ ಕೊಟ್ಟ ಕಾರಣ ಒಂದೇ.

ಕಾರಣ ಸುಳ್ಳಾದರೆ ಏನು ನಷ್ಟ, ಖುಷಿ ಇದ್ದರೆ ಸಾಕಲ್ಲ ಅಂತ ನೀವು ಕೇಳಬಹುದು. ಹಿತ್ತಾಳೆ ಲೋಟದಲ್ಲಿ ಕುಡಿದರೆ ಚಹಾ ರುಚಿ ಅನ್ನೋರಿದ್ದಾರೆ, ಅವರ ಜೊತೆ ಯಾರೂ ಜಗಳ ತೆಗೆಯೋದಿಲ್ಲ. ನಾನೂ ತೆಗೆಯೋದಿಲ್ಲ. ಚಂದದ ಡಬ್ಬಿ ಎದುರಿಗಿದ್ದರೆ ಮನಸ್ಸು ಕೂಡ್ತದೆ ಅಂತ ಹೇಳಿ ಮಾರಿದರೆ ಅದು ಒಪ್ಪಿತ ವ್ಯಾಪಾರ. ಆದರೆ ಲೋಟವನ್ನು ಚಹಾ ಪುಡಿ ಅಂತ ಹೇಳಿ ಮಾರಬಾರದು. ಯಾಕಂದ್ರೆ ತಪ್ಪು ಕಾರಣ ಮನುಷ್ಯನನ್ನು ತಪ್ಪು ದಾರಿಗೆ ಹಚ್ತದೆ. ಆರು ತಿಂಗಳಿಗೆ ಕಿವಿ ಬೇಸರವಾದಾಗ ಮಾಸ್ತರು ಬಾಗಿಲು ಮುಚ್ಚಿ ಮತ್ತೆ ಕೂಡ್ರೋದು ಬಿಟ್ಟು ಇನ್ನೊಂದು ಡಬ್ಬಿ ಹುಡುಕ್ತಿದ್ದರು. ಅದಾದ ಮೇಲೆ ಕೇಬಲ್, ಅದಾದ ಮೇಲೆ ಪವರ್ ಸಪ್ಲೈ. ತಮ್ಮದೇ ಏಕಾಗ್ರತೆಯ ಫಲವನ್ನು ಪ್ರತಿ ಸಲ ದುಡ್ಡು ಕೊಟ್ಟು ಬೇರೆಯವರಿಂದ ಕೊಂಡಂತೆ ಆಗ್ತಿತ್ತು. ಆ ಏಕಾಗ್ರತೆಯ ಶ್ರೇಯ ಅವರದು, ಡಬ್ಬಿಯದಲ್ಲ. ಅದನ್ನು ಅವರಿಗೆ ವಾಪಸ್ ಕೊಡೋದು ನನ್ನ ಕೆಲಸ ಅನ್ನಿಸಿತು.

ಹಾಗಂತ "ಯಂತ್ರ ಯಾಕೆ ಬೇಕು, ಭಕ್ತಿಯಿದ್ದರೆ ಸಾಕು" ಅನ್ನೋ ಕಡೆಗೂ ನಾನು ಹೋಗೋದಿಲ್ಲ. ಭಜನೆಯ ರಾತ್ರಿ ಒಡಕು ಹಾರ್ನಿನಲ್ಲಿ ಬರುವ ತತ್ವಪದಕ್ಕೂ ಮಂದಿ ಕಣ್ಣೀರು ಹಾಕ್ತಾರೆ, ನಿಜ. ಅದರಿಂದ ಒಡಕು ಹಾರ್ನ್ ಒಳ್ಳೆಯದು ಅಂತ ಆಗೋದಿಲ್ಲ. ದುರಸ್ತಿ ಮಾಡಿದ ಅರ್ಥಿಂಗ್ ನಿಜವಾಗಿ ದನಿ ತಿಳಿ ಮಾಡಿತು. ಬದಲಿಸಿದ ಸ್ವಿಚ್ ಮಾಡಲಿಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ತೋರಿಸುವವನು ಬೇಕು, ಅಷ್ಟೇ. ಮೈಕಿನ ಮುಂದೆ ಹಾಡಿದ ದಿನ ಟೇಪಿಗೆ ಏರದೇ ಹೋದ ಉಸಿರನ್ನು ಯಾವ ಸ್ವಿಚ್ಚೂ ತಿರುಗಿ ತರಲಾರದು.

ನಿಜ ಹೇಳಿದ್ದಕ್ಕೂ ಬೆಲೆ ಇದೆ, ಅದನ್ನು ಮುಚ್ಚಿಡೋದು ಸರಿಯಲ್ಲ. ಹತ್ತು ಸಾವಿರ ನನ್ನ ಕೈತಪ್ಪಿತು, ಅದು ಸಣ್ಣ ಬೆಲೆ. ದೊಡ್ಡದು ಮಾಸ್ತರು ತೆತ್ತದ್ದು. ತಿಂಗಳಾದ ಮೇಲೆ ಸಿಕ್ಕಾಗ ಹೇಳಿದರು: "ಈಗ ಹಾಡು ಹಚ್ಚಿ ಕೂತ್ರ ಮೊದಲು ನಿನ್ನ ನಾಣ್ಯಾನ ನೆನಪಾಗ್ತದ. ಆಮ್ಯಾಲ ಹಾಡು." ಅವರ ಕಿವಿಗೆ ಒಬ್ಬ ಕಾವಲುಗಾರನನ್ನು ಕೂಡ್ರಿಸಿ ಬಂದ ಹಾಗಾಯ್ತು. ಅವನು ಎದ್ದು ಹೋಗೋಕೆ ಎಷ್ಟು ದಿನ ಬೇಕೋ. ಇಷ್ಟಾದರೂ ಹೇಳಿದ್ದು ಸರಿ ಅಂತಲೇ ನನ್ನ ತೀರ್ಮಾನ. ಹೇಳದೆ ಇದ್ದಿದ್ದರೆ ಅವರು ನನ್ನನ್ನು ನಂಬಿ ಕೇಳಿದ "ನಿನಗೂ ಕೇಳಿಸ್ತದೇನು?" ಅನ್ನೋ ಪ್ರಶ್ನೆಗೆ ನಾನು ಗಿರಾಕಿಗೆ ಕೊಡುವ ಉತ್ತರ ಕೊಟ್ಟಂತಾಗ್ತಿತ್ತು, ಮನುಷ್ಯನಿಗೆ ಕೊಡುವ ಉತ್ತರ ಅಲ್ಲ.

ಎಲ್ಲರಿಗೂ ಎಲ್ಲ ಕಾಲಕ್ಕೂ ಹೇಳಬೇಕೇ ಅಂದರೆ, ಇಲ್ಲ ಅನ್ನಿಸ್ತದೆ. ದುಡ್ಡು ಕೈಬಿಡುವ ಮೊದಲು ಕೇಳದಿದ್ದರೂ ಹೇಳಬೇಕು. ಕೊಂಡಾದ ಮೇಲೆ, ಅವರಾಗಿ ಕೇಳಿದರೆ ಮಾತ್ರ ಹೇಳಬೇಕು. ಕೊಂಡವನ ಮನೆಗೆ ನಾವಾಗಿ ಹೋಗಿ ಅವನ ಖುಷಿಯನ್ನು ಅಳೆದು ತೋರಿಸೋದು ನಿಜದ ಮೇಲಿನ ಪ್ರೀತಿಯಲ್ಲ, ನಮ್ಮ ಜಾಣತನದ ಮೇಲಿನ ಪ್ರೀತಿ. ಇನ್ನು ಮಾರುವವನಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. "ಕೇಳಿಸ್ತದೇನು?" ಅಂತ ಕೇಳಿದಾಗ ಅವನು ತನ್ನ ಕಿವಿಯನ್ನು ಕೇಳಿಯೇ ಉತ್ತರ ಹೇಳಬೇಕು, ಕಿಸೆಯನ್ನು ಕೇಳಿ ಅಲ್ಲ.