ಪದ ಯಾರದು?

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬ ದಿನವೂ ಜೊತೆಯಾಗುತ್ತಾನೆ. ಅವನ ಫೋನಿನಲ್ಲಿ ಇಲ್ಲದ ಹಾಡಿಲ್ಲ. ಕೇಳಿದವರಿಗೆಲ್ಲ ಅವನ್ನು ದಾಟಿಸುತ್ತ ಬರುವುದು ಅವನ ನಿತ್ಯದಾನ. ಮೇಷ್ಟರ ಸ್ವಭಾವ ಎಲ್ಲಿ ಹೋದೀತು? ಮೊನ್ನೆ ನಾನು, "ಇದು ಕಳ್ಳತನವಲ್ಲವೇನಯ್ಯ?" ಎಂದೆ. ಅವನು ನಕ್ಕು, "ಕದ್ದರೆ ಕಳಕೊಂಡವರು ಇರಬೇಕಲ್ಲ ಸಾರ್. ಹಾಡು ಅವರ ಹತ್ರಾನೂ ಇದೆ, ನನ್ನ ಹತ್ರಾನೂ ಇದೆ" ಎಂದ.

ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ನೆರೆಮನೆಗೆ ಹೆಪ್ಪು ಕೊಟ್ಟರೆ ನಮ್ಮ ಮೊಸರೇನೂ ಬರಿದಾಗುವುದಿಲ್ಲ. ಹಾಡೂ ಹಾಗೆಯೇ. ಆದರೆ ಊರಿಗೆ ಊರೇ ಹೆಪ್ಪು ಈಸಿಕೊಂಡು, ಹಸು ಸಾಕಿದವಳಿಗೆ ಒಂದು ಹಿಡಿ ಹುಲ್ಲನ್ನೂ ಕೊಡದಿದ್ದರೆ? ಹಾಡಿಗೂ ಹಿಂದೊಂದು ಕೊಟ್ಟಿಗೆ ಉಂಟು: ವರ್ಷಗಟ್ಟಲೆಯ ಸಾಧನೆ, ವಾದ್ಯದವರ ಕೂಲಿ, ಮನೆಯ ಒಲೆ.

"ದುಡ್ಡೆಲ್ಲ ಕಂಪನಿಗೆ ತಾನೆ ಹೋಗೋದು?" ಎಂಬುದು ಅವನ ಎರಡನೆಯ ವಾದ. ಬಹುಕಾಲ ಅದು ಬಹಳಮಟ್ಟಿಗೆ ನಿಜವೂ ಆಗಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ ಮೇಲೆ, ಚಿತ್ರಗೀತೆ ಸಿನಿಮಾ ಮಂದಿರದ ಹೊರಗೆ ಬಳಕೆಯಾದಾಗ ಬರುವ ಗೌರವಧನದ ಪಾಲನ್ನು ಗೀತಕಾರನಾಗಲಿ ಸಂಗೀತಗಾರನಾಗಲಿ ಕಂಪನಿಗೆ ಬರೆದುಕೊಟ್ಟುಬಿಡುವಂತಿಲ್ಲ. ಸ್ವಂತ ಉಪಯೋಗಕ್ಕೆ ನ್ಯಾಯವಾಗಿ ಬಳಸಿಕೊಳ್ಳಲು ಕಾನೂನಿನಲ್ಲಿ ಒಂದಿಷ್ಟು ಅವಕಾಶವೂ ಉಂಟು. ಊರಿಗೆಲ್ಲ ಹಂಚಲು ಇಲ್ಲ. ಕಂಪನಿ ಮೋಸಮಾಡಿತೆಂದು ಹಾಡುಗಾರನಿಗೆ ನಾವೂ ಮೋಸಮಾಡುವುದು ಯಾವ ನ್ಯಾಯ?

ಇದೇ ಕಾಯ್ದೆಗೆ 1994ರಲ್ಲಿ ಸೇರಿದ ಒಂದು ಪಟ್ಟಿಯನ್ನು ಓದಿ ನನಗೆ ನಗು ಬಂತು. ಪ್ರದರ್ಶನಕಾರರೆಂದರೆ ಯಾರು? ನಟ, ಗಾಯಕ, ನರ್ತಕ, ದೊಂಬರಾಟದವ, ಹಾವಾಡಿಗ, ಜೊತೆಗೆ ಉಪನ್ಯಾಸ ಮಾಡುವವ! ಹಾವಾಡಿಗನನ್ನೂ ನನ್ನನ್ನೂ ಕಾನೂನು ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಜನಪದ ಹಾಡುಗಾರ್ತಿಗೂ ಅಲ್ಲಿ ಎಲೆ ಹಾಕಿದೆ. ಪದ ಕಟ್ಟಿದವರು ಯಾರೆಂದು ತಿಳಿಯದಿದ್ದರೂ ಹಾಡಿದ ಆ ದನಿಗೆ ಹಕ್ಕುಂಟು.

ನಮ್ಮ ಹಿರಿಯರು ಹಕ್ಕಿನ ಮಾತಾಡಿದವರಲ್ಲ. ವಚನಕಾರರೂ ಹರಿದಾಸರೂ ಅಂಕಿತದಲ್ಲಿ ಇಟ್ಟದ್ದು ತಮ್ಮ ಹೆಸರನ್ನಲ್ಲ, ದೇವರ ಹೆಸರನ್ನು. ಆದರೂ ಕೂಡಲಸಂಗಮದೇವ ಎಂದೊಡನೆ ಬಸವಣ್ಣ ನೆನಪಾಗುತ್ತಾನೆ. ಕಾಗಿನೆಲೆಯಾದಿಕೇಶವ ಎಂದೊಡನೆ ಕನಕದಾಸ. ಯಾರು ಬೇಕಾದರೂ ಹಾಡಬಹುದು, ಅಂಕಿತವನ್ನು ಮಾತ್ರ ನುಂಗುವಂತಿಲ್ಲ ಎಂಬುದು ಭಜನೆಮನೆಯ ಮರ್ಯಾದೆ. ಓದುಬರಹ ಬಾರದ ಚಳ್ಳಕೆರೆ ಸೀಮೆಯ ಸಿರಿಯಜ್ಜಿಗೆ ಸಾವಿರಾರು ಪದ ಬಾಯಿಪಾಠವಾಗಿದ್ದವು. ಅವನ್ನು ಸಂಗ್ರಹಿಸಿದ ಕೃಷ್ಣಮೂರ್ತಿ ಹನೂರರು ಆಕೆಯ ಹೆಸರನ್ನೇ ಮುಂದಿಟ್ಟರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಯನ್ನು ನಾಡೋಜ ಎಂದು ಗೌರವಿಸಿತು. ಹಂಚುವುದು ಬೇರೆ, ಹೆಸರನ್ನು ಅಳಿಸುವುದು ಬೇರೆ.

ಇಷ್ಟನ್ನೂ ಮರುದಿನ ಬಸ್ಸಿನಲ್ಲಿ ಹೇಳಿ ಗೆದ್ದೆನೆಂದುಕೊಂಡೆ. ಹುಡುಗ ಸುಮ್ಮನೆ ಕೇಳಿ, "ನೀವು ಕ್ಲಾಸಿನಲ್ಲಿ ಕೇಳಿಸಿದಿರಲ್ಲ ಬೀಸೋ ಪದ, ಅದು ಯಾರದು ಸಾರ್?" ಎಂದ.

ಸಂಜೆ ಮನೆಗೆ ಬಂದು ಆ ಕ್ಯಾಸೆಟ್ಟನ್ನು ಹುಡುಕಿ ತೆಗೆದೆ. ಎಂ.ಎ. ಓದುವಾಗ ನಾನೇ ಮುದ್ರಿಸಿಕೊಂಡದ್ದು. ಮೇಲೆ ನನ್ನ ಅಕ್ಷರದಲ್ಲೇ, "ಬೀಸುವ ಪದ, ಹೊಸದುರ್ಗ ತಾಲ್ಲೂಕು, 2002" ಎಂದಿತ್ತು. ಅದರ ಕೆಳಗೆ ಸಂಗ್ರಾಹಕನ ಹೆಸರು, ಇನಿಷಿಯಲ್ ಸಮೇತ. ಹಾಡಿದವಳ ಹೆಸರಿಲ್ಲ, ನೆನಪಿನಲ್ಲೂ ಇಲ್ಲ. ನೆನಪಿರುವುದು ಆಕೆ ಹಾಡಿ ಮುಗಿಸಿ, "ನನ್ ದನಿ ನಂಗೂ ಒಂದು ಕಿತ ಕೇಳ್ಸಪ್ಪ" ಎಂದದ್ದು. ಬ್ಯಾಟರಿ ಮುಗಿದಿತ್ತು. ಮುಂದಿನ ಸಲ ಬರುವಾಗ ಒಂದು ಕ್ಯಾಸೆಟ್ಟನ್ನೇ ತಂದುಕೊಡುತ್ತೇನೆ ಎಂದಿದ್ದೆ. ಆ ಮುಂದಿನ ಸಲ ಬರಲೇ ಇಲ್ಲ. ಗೆಳೆಯರಿಗೆ ನಾಲ್ಕಾರು ಪ್ರತಿ ಮಾಡಿಕೊಟ್ಟೆ. ಆಕೆಗೆ ಒಂದನ್ನೂ ಕೊಡಲಿಲ್ಲ.

ಪ್ರದರ್ಶನಕಾರರ ಹಕ್ಕಿಗೆ ಐವತ್ತು ವರ್ಷದ ಆಯುಷ್ಯ. ಆ ಲೆಕ್ಕದಲ್ಲಿ 2052ರ ಕೊನೆಯವರೆಗೆ ಆ ದನಿಯ ಹಕ್ಕು ಆಕೆಯದು. ಹಕ್ಕು ಇದೆ, ಹೆಸರನ್ನು ನಾನು ಕಳೆದಿದ್ದೇನೆ. ಕಳಕೊಂಡವರು ಯಾರೆಂದು ಹುಡುಗ ಕೇಳಿದ್ದನಲ್ಲ, ಉತ್ತರ ನನ್ನ ಕಪಾಟಿನಲ್ಲೇ ಇತ್ತು.

ಭಾನುವಾರ ಹೊಸದುರ್ಗದ ಕಡೆ ಹೊರಟಿದ್ದೇನೆ. ಆಕೆ ಇದ್ದಾಳೋ ಇಲ್ಲವೋ, ಮನೆಯವರಾದರೂ ಇದ್ದಾರು. ಪದವನ್ನು ಫೋನಿಗೆ ಹಾಕಿಕೊಟ್ಟವನು ಅದೇ ಹುಡುಗ.