ಹುಲಿಗೂ ಕರುವಿಗೂ ಒಂದೇ ಮಾತು

ಅಮೆರಿಕದ ಸ್ಟೂಡೆಂಟ್ ವೀಸಾ ಇಂಟರ್‌ವ್ಯೂ ಅನ್ನೋದು ಹೆಚ್ಚಿನ ಸಲ ಎರಡು ಮೂರು ನಿಮಿಷದ ಕೆಲಸ. ಕಿಟಕಿಯ ಆಚೆ ಒಬ್ಬ ಅಧಿಕಾರಿ, ಈಚೆ ನಮ್ಮ ಹುಡುಗನೋ ಹುಡುಗಿಯೋ. ಯಾವ ಯೂನಿವರ್ಸಿಟಿ, ಅದೇ ಯಾಕೆ, ದುಡ್ಡು ಯಾರು ಕೊಡ್ತಾರೆ, ಓದು ಮುಗಿದ ಮೇಲೆ ಏನು ಮಾಡ್ತೀಯ? ಈ ಕೊನೆಯ ಪ್ರಶ್ನೆಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳಿಗೆ ಹೇಳಿಕೊಡಲು ಒಂದು ಸಿದ್ಧ ಉತ್ತರ ಇದೆ. ‘ನಮ್ಮ ತಂದೆಯವರಿಗೆ ತೆಂಗಿನ ತೋಟ ಇದೆ. ನಾನು ವಾಪಸ್ ಬಂದು ಅದನ್ನು ನೋಡಿಕೊಳ್ಳಬೇಕು.’ ಇದನ್ನು ಇಂಗ್ಲಿಷಿನಲ್ಲಿ ಹತ್ತು ಸಲ ಹೇಳಿಸಿ, ಕನ್ನಡಿ ಮುಂದೆ ನಿಲ್ಲಿಸಿ, ತಡವರಿಸದ ಹಾಗೆ ಮಾಡಿ ಕಳಿಸ್ತಾರೆ.

ಈ ಉತ್ತರ ಯಾಕೆ ಬೇಕು ಅಂದ್ರೆ ಅಲ್ಲಿನ ಕಾನೂನು ಹಾಗಿದೆ. 1952ರ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ವಿದ್ಯಾರ್ಥಿ ವೀಸಾ ಕೇಳಿ ಬಂದವನನ್ನೂ ಅಲ್ಲೇ ನೆಲೆಯೂರಲು ಬಂದವನು ಅಂತಲೇ ಮೊದಲು ಭಾವಿಸಬೇಕು. ಅಲ್ಲ ಅಂತ ತೋರಿಸಿಕೊಡುವ ಹೊರೆ ಬಂದವನದ್ದು. ಊರಲ್ಲಿ ನನಗೊಂದು ನೆಲೆ ಇದೆ, ಅದನ್ನು ಬಿಟ್ಟುಬಿಡುವ ಉದ್ದೇಶ ನನಗಿಲ್ಲ ಅನ್ನೋದು ಅಧಿಕಾರಿಗೆ ಮನವರಿಕೆಯಾಗಬೇಕು. ಅದಕ್ಕೇ ಪಹಣಿ ತೆಗೆಸ್ತಾರೆ, ತೋಟಕ್ಕೆ ಬೆಲೆ ಕಟ್ಟಿಸ್ತಾರೆ, ಫೈಲು ದಪ್ಪ ಮಾಡ್ತಾರೆ. ಶಿಕ್ಷಣ ಸಾಲಕ್ಕೆ ಬಹಳಷ್ಟು ಬ್ಯಾಂಕುಗಳು ಕೃಷಿ ಜಮೀನನ್ನು ಅಡಮಾನಕ್ಕೆ ಒಪ್ಪಲ್ಲ, ಊರೊಳಗಿನ ಮನೆಯೋ ಸೈಟೋ ಕೇಳ್ತವೆ. ಸಾಲಕ್ಕೆ ಬಾರದ ತೋಟ ಹೀಗೆ ಸಾಕ್ಷಿಗೆ ಬರುತ್ತೆ.

ನನ್ನ ಪ್ರಶ್ನೆ ಈ ಸಾಕ್ಷಿಯ ಬಗ್ಗೆ. ತೋಟವನ್ನು ಸಾಕ್ಷಿಗೆ ಕರೆದಾಗ ನಾವು ಹೇಳ್ತಿರೋದು ನಿಜಾನಾ?

ಅದೇ ಮನೆಯ ಯಜಮಾನರು ತಿಪಟೂರು ಎಪಿಎಂಸಿಗೆ ಕೊಬ್ಬರಿ ತಂದಾಗ ಮಾತಾಡಿಸಿ ನೋಡಿ. ‘ನಮ್ ಕಾಲಕ್ಕೆ ಸಾಕು ಕಣಪ್ಪ, ಮಕ್ಳಿಗ್ಯಾಕೆ ಈ ಗೋಳು’ ಅಂತಾರೆ. ಅವರ ಮಾತಲ್ಲಿ ತಪ್ಪು ಹುಡುಕೋದು ಕಷ್ಟ. ನುಸಿ ಬಂತು, ಕಪ್ಪುತಲೆ ಹುಳು ಬಂತು, ಕಾಂಡ ಸೋರುವ ರೋಗ ಬಂತು, ಬೋರ್‌ವೆಲ್ ಕೈಕೊಡ್ತು, ಕಾಯಿ ಕೀಳೋರು ಸಿಗದ ಹಾಗಾಯ್ತು. ಕೆಡವಿದ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಕಾಯ್ದರೆ ಉಂಡೆ ಕೊಬ್ಬರಿ. ಅಷ್ಟು ಕಾದ ಮೇಲೂ ದರ ಏನಿರುತ್ತೋ ಗೊತ್ತಿಲ್ಲ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. 2025ರಲ್ಲಿ ಅದೇ ಕೊಬ್ಬರಿ ಬೆಂಬಲ ಬೆಲೆಯನ್ನು ಎಷ್ಟೋ ಮೀರಿ ಏರಿತು. ಇದನ್ನೆಲ್ಲ ನೋಡಿದ ಅಪ್ಪನಿಗೆ ಮಗ ಹೊರಟುಹೋದರೆ ಸಾಕು ಅನ್ನಿಸೋದು ಸಹಜ. ಹಾಗಾಗಿ ಒಂದೇ ತೋಟ ಅಧಿಕಾರಿಯ ಮುಂದೆ ಮಗ ವಾಪಸ್ ಬರೋದಕ್ಕೆ ಕಾರಣ, ಮನೆಯಲ್ಲಿ ಅವನು ಹೋಗೋದಕ್ಕೆ ಕಾರಣ.

‘ಅಯ್ಯೋ, ಅದೊಂದು ಫಾರ್ಮಾಲಿಟಿ ಬಿಡಿ’ ಅನ್ನೋರೇ ಜಾಸ್ತಿ. ಕೇಳೋನಿಗೂ ಗೊತ್ತು, ಹೇಳೋನಿಗೂ ಗೊತ್ತು, ಇದರಲ್ಲಿ ಮೋಸ ಹೋಗೋರು ಯಾರು ಅನ್ನೋದು ಅವರ ವಾದ. ಮದುವೆ ಮನೇಲಿ ‘ಊಟ ಏನೂ ಸರಿಯಾಗಿ ಮಾಡಿಸೋಕಾಗ್ಲಿಲ್ಲ’ ಅಂತ ಬೀಗರು ಹೇಳ್ತಾರಲ್ಲ, ಅದನ್ನು ಯಾರೂ ಸುಳ್ಳು ಅನ್ನಲ್ಲ. ಅದು ಮರ್ಯಾದೆಯ ಮಾತು, ಇಬ್ಬರಿಗೂ ಗೊತ್ತಿರೋದು. ಆದರೆ ವೀಸಾ ಕಿಟಕಿ ಹಾಗಲ್ಲ. ಅಲ್ಲಿ ಅಧಿಕಾರಿ ಆ ಮಾತನ್ನು ನಂಬಿ ಒಬ್ಬನಿಗೆ ಹೂಂ ಅಂತಾನೆ, ನಂಬದೆ ಇನ್ನೊಬ್ಬಳಿಗೆ ಇಲ್ಲ ಅಂತಾನೆ. ನಿಜವಾಗಿಯೂ ವಾಪಸ್ ಬರಬೇಕು ಅಂತಿದ್ದ ಹುಡುಗಿ ಅದೇ ಸಾಲನ್ನು ಹೇಳಿದಾಗ, ಅವಳ ಹಿಂದೆ ಮುಂದೆ ನಿಂತವರೆಲ್ಲ ಅದನ್ನೇ ಒಪ್ಪಿಸಿ ಸವೆಸಿಬಿಟ್ಟಿರ್ತಾರೆ. ಮೋಸ ಹೋದವರು ಯಾರೂ ಇಲ್ಲ ಅನ್ನೋರು ಅವಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು. ಕಾನೂನೇ ಇಂಥ ಪ್ರಶ್ನೆ ಕೇಳಿ ಸುಳ್ಳು ಹೇಳಿಸುತ್ತೆ ಅನ್ನೋದು. ಇದರಲ್ಲಿ ಅರ್ಧ ನಿಜ ಇದೆ. ಕೆನಡಾದ ವಲಸೆ ಕಾಯ್ದೆಯ 22(2)ನೇ ಕಲಮು, ಮುಂದೆ ಅಲ್ಲೇ ಕಾಯಂ ಆಗಿ ಇರಬೇಕು ಅನ್ನೋ ಆಸೆ ಇದ್ದರೂ ತಾತ್ಕಾಲಿಕವಾಗಿ ಬರೋದಕ್ಕೆ ಅದೇ ಅಡ್ಡಿಯಲ್ಲ, ಅವಧಿ ಮುಗಿದಾಗ ಹೊರಡುವವನಾಗಿದ್ದರೆ ಸಾಕು ಅನ್ನುತ್ತೆ. ಆಸ್ಟ್ರೇಲಿಯಾ ಮೊದಲು ‘ನೀನು ನಿಜವಾಗಿ ತಾತ್ಕಾಲಿಕವಾಗಿ ಬರೋನಾ’ ಅಂತ ಕೇಳ್ತಿತ್ತು. 2024ರ ಮಾರ್ಚ್ 23ರಿಂದ ಅದನ್ನು ಬದಲಿಸಿ ‘ನೀನು ನಿಜವಾದ ವಿದ್ಯಾರ್ಥಿಯಾ’ ಅಂತ ಕೇಳುತ್ತೆ. ಅಂದರೆ ನೊಣವಿನಕೆರೆಯ ಒಬ್ಬನೇ ಹುಡುಗ, ಅದೇ ಮನಸ್ಸು, ಅದೇ ಆಸೆ. ಒಂದು ದೇಶದ ಮುಂದೆ ಅದನ್ನು ಬಾಯಿಬಿಟ್ಟು ಹೇಳಬಹುದು, ಇನ್ನೊಂದು ದೇಶದ ಮುಂದೆ ಹೇಳಿದರೆ ಕೆಟ್ಟ. ಕಾನೂನು ಎಲ್ಲ ಕಡೆ ಒಂದೇ ಥರ ನ್ಯಾಯವಾಗಿಲ್ಲ ಅನ್ನೋದನ್ನು ಒಪ್ಪೋಣ. ಆದರೆ ಆ ಕಾನೂನಿನ ದೇಶವನ್ನು ಆರಿಸಿಕೊಂಡವರು ನಾವು. ಅವರ ಪ್ರಶ್ನೆ ಸರಿಯಿಲ್ಲ ಅನ್ನಿಸಿದರೆ ಹಾಗಂತ ಹೇಳಬಹುದು, ಬೇರೆ ದೇಶ ನೋಡಬಹುದು. ಉತ್ತರವನ್ನು ಸುಳ್ಳು ಮಾಡೋ ಹಕ್ಕು ಅದರಿಂದ ಹುಟ್ಟಲ್ಲ.

ಹಾಗಾದರೆ ‘ವಾಪಸ್ ಬರ್ತೀನಿ’ ಅಂದು ಕೊನೆಗೆ ಬಾರದೇ ಇದ್ದವರೆಲ್ಲ ಸುಳ್ಳುಗಾರರಾ? ಅಲ್ಲ. ಇಲ್ಲಿ ನಾಲ್ಕು ಮಾತುಗಳನ್ನು ನಾವು ಕಲಸಿಬಿಡ್ತೀವಿ. ಆಸೆ ಒಂದು, ಉದ್ದೇಶ ಒಂದು, ಭವಿಷ್ಯ ಹೇಳೋದು ಒಂದು, ಆಣೆ ಇಡೋದು ಇನ್ನೊಂದು. ಅಧಿಕಾರಿ ಕೇಳ್ತಿರೋದು ಇವತ್ತಿನ ಉದ್ದೇಶ. ಐದು ವರ್ಷದ ಮೇಲೆ ಏನಾಗುತ್ತೆ ಅನ್ನೋದು ಕೊಬ್ಬರಿ ದರದ ಹಾಗೆ, ಯಾರಿಗೂ ಗೊತ್ತಿಲ್ಲ. ಇವತ್ತು ಬರಬೇಕು ಅಂತಲೇ ಹೊರಟು, ಅಲ್ಲಿ ಕೆಲಸ ಸಿಕ್ಕಿ, ಮದುವೆಯಾಗಿ ಮನಸ್ಸು ಬದಲಾದರೆ ಅದು ಸುಳ್ಳಲ್ಲ, ಜೀವನ. ಇವತ್ತೇ ಬರಬಾರದು ಅಂತ ನಿಶ್ಚಯ ಮಾಡಿಕೊಂಡು, ಬರ್ತೀನಿ ಅನ್ನೋದು ಸುಳ್ಳು. ಇವೆರಡರ ನಡುವೆ ‘ಇನ್ನೂ ಯೋಚನೆ ಮಾಡಿಲ್ಲ’ ಅನ್ನೋರ ದೊಡ್ಡ ಗುಂಪಿದೆ. ಇಪ್ಪತ್ತೆರಡು ವರ್ಷಕ್ಕೆ ಅದು ತಪ್ಪೇನಲ್ಲ. ಆದರೆ ಯೋಚನೆಯನ್ನೇ ಮಾಡದ ವಿಷಯದ ಬಗ್ಗೆ ನಿರ್ಧಾರದ ಮಾತಾಡೋದು ಸರಿಯಾಗಲ್ಲ.

ಸಾಲದ ಲೆಕ್ಕವನ್ನೂ ಇಲ್ಲೇ ನೋಡಬೇಕು. 40 ಲಕ್ಷ ಸಾಲ, ನೂರಕ್ಕೆ ಹತ್ತರ ಬಡ್ಡಿ ಅಂತಿಟ್ಟುಕೊಳ್ಳಿ. ವರ್ಷಕ್ಕೆ ಬಡ್ಡಿಯೇ 4 ಲಕ್ಷ. 2025ರ ಬೆಂಬಲ ಬೆಲೆ 12,100 ರೂಪಾಯಿಯ ಲೆಕ್ಕದಲ್ಲಿ ಅದು 33 ಕ್ವಿಂಟಲ್ ಉಂಡೆ ಕೊಬ್ಬರಿ. ಅಸಲು ಹಾಗೇ ಇರುತ್ತೆ. ಓದು ಮುಗಿದ ಮರುದಿನವೇ ವಿಮಾನ ಹತ್ತಿ ಬಂದು ಈ ಸಾಲ ತೀರಿಸೋದು ಹೇಗೆ ಅಂತ ಯಾರಾದರೂ ಕೇಳಿದರೆ ಬಾಯಿಪಾಠದ ಉತ್ತರ ಅಲ್ಲೇ ನಿಂತುಬಿಡುತ್ತೆ. ಓದು ಮುಗಿದ ಮೇಲೆ ಓ.ಪಿ.ಟಿ. ಅಂತ ಒಂದು ವರ್ಷ, ವಿಜ್ಞಾನ ತಂತ್ರಜ್ಞಾನ ಓದಿದವರಿಗೆ ಮೇಲೆ ಇನ್ನೆರಡು ವರ್ಷ ಕೆಲಸ ಮಾಡೋ ಅವಕಾಶ ಅವರ ನಿಯಮದಲ್ಲೇ ಇದೆ. ಆದರೂ ‘ಅದನ್ನ ಎತ್ಲೇಬೇಡ’ ಅಂತ ಹೇಳಿಕೊಡೋರಿದ್ದಾರೆ. ಎರಡು ಮೂರು ವರ್ಷ ದುಡಿದು, ಸಾಲ ಇಳಿಸಿ, ಆಮೇಲೆ ಬರ್ತೀನಿ ಅನ್ನೋದು ಸತ್ಯವಾಗಿದ್ದರೆ ಅದನ್ನೇ ಹೇಳುವುದು ಮೇಲು. ವೀಸಾ ಸಿಗದೇ ಹೋಗಬಹುದು, ಸತ್ಯಕ್ಕೆ ಗ್ಯಾರಂಟಿ ಇಲ್ಲ. ಮುಖ್ಯವಾದ ಸಂಗತಿಯಲ್ಲಿ ಬೇಕಂತಲೇ ಸುಳ್ಳು ಹೇಳಿದ್ದು ಸಾಬೀತಾದರೆ ಮಾತ್ರ ಆ ದೇಶದ ಬಾಗಿಲು ಜೀವನಪೂರ್ತಿ ಮುಚ್ಚಬಹುದು. ಇದೂ ಅದೇ ಕಾಯ್ದೆಯಲ್ಲಿದೆ.

ಈ ಪ್ರಶ್ನೆ ನಮಗೆ ಹೊಸದೇನಲ್ಲ. ಪುಣ್ಯಕೋಟಿಯ ಕಥೆ ಕೇಳದ ಕನ್ನಡದ ಮಗು ಇಲ್ಲ. ಅಲ್ಲಿ ಹುಲಿಯೂ ನಂಬದೇ ಶುರು ಮಾಡುತ್ತೆ. ಹಸಿದವನ ಕೈಯಿಂದ ತಪ್ಪಿಸಿಕೊಂಡ ಹಸು ಮತ್ತೆ ಬರುತ್ತಾ ಅನ್ನೋದು ಅದರ 214(ಬಿ). ಹಸುವಿನ ಹತ್ತಿರ ಪಹಣಿ ಇರಲಿಲ್ಲ, ಮಾತಿತ್ತು ಅಷ್ಟೆ. ಹಸು ವಾಪಸ್ ಹೋಗಿದ್ದನ್ನೇ ನಾವು ದೊಡ್ಡದು ಅಂತ ಹೇಳ್ತೀವಿ. ಅದಕ್ಕೂ ಮೊದಲು ಅದು ಮಾಡಿದ ಇನ್ನೊಂದು ಕೆಲಸ ನಮ್ಮ ಕಣ್ಣಿಗೆ ಬೀಳಲ್ಲ. ದೊಡ್ಡಿಗೆ ಬಂದು, ಹಾಲು ಕೊಟ್ಟು, ಹುಲಿಯ ಮುಂದೆ ಹೇಳಿದ್ದನ್ನೇ ಕರುವಿನ ಮುಂದೆಯೂ ಹೇಳಿತು. ಕರು ಅತ್ತರೂ ಮಾತು ಬದಲಿಸಲಿಲ್ಲ. ಹುಲಿಗೊಂದು, ಕರುವಿಗೊಂದು ಅಂತ ಎರಡು ಮಾತು ಅದರ ಹತ್ತಿರ ಇರಲಿಲ್ಲ.

ಪರೀಕ್ಷೆ ಇರೋದು ಇಲ್ಲೇ ಅಂತ ನನಗನ್ನಿಸುತ್ತೆ. ಕಿಟಕಿಯಲ್ಲಿ ಹೇಳೋ ಮಾತನ್ನು ಮನೆಯ ಪಡಸಾಲೆಯಲ್ಲಿ, ಅಪ್ಪ ಅಮ್ಮನ ಎದುರು, ನಗು ಬಾರದ ಹಾಗೆ ಹೇಳೋಕಾಗುತ್ತಾ? ‘ಓದು ಮುಗಿಸಿ ಬಂದು ತೋಟ ನೋಡ್ಕೋತೀನಿ’ ಅಂದಾಗ ಅಪ್ಪ ‘ಸುಮ್ನಿರೋ, ಅದೆಲ್ಲ ಇಂಟರ್‌ವ್ಯೂಗೆ’ ಅಂದರೆ, ಸುಳ್ಳು ಹುಟ್ಟಿದ್ದು ಚೆನ್ನೈನ ಕಿಟಕಿಯಲ್ಲಲ್ಲ. ವಿಚಿತ್ರ ಏನಂದ್ರೆ, ಎಷ್ಟೋ ಮನೆಗಳಲ್ಲಿ ‘ನೀನು ವಾಪಸ್ ಬರ್ತೀಯಾ’ ಅಂತ ಮಗನನ್ನು ಮೊಟ್ಟಮೊದಲು ಬಾಯಿಬಿಟ್ಟು ಕೇಳೋನು ಆ ಪರದೇಶದ ಅಧಿಕಾರಿ. ಅಮ್ಮ ಕೇಳಲ್ಲ, ಉತ್ತರ ಗೊತ್ತಾಗಿಬಿಡುತ್ತೆ ಅನ್ನೋ ಭಯ. ಅಪ್ಪ ಕೇಳಲ್ಲ, ಬರ್ತೀನಿ ಅಂದರೆ ಹೋಗು ಅನ್ನೋದು ಹೇಗೆ ಅನ್ನೋ ಸಂಕಟ. ಮಗ ತಾನಾಗಿ ಹೇಳಲ್ಲ. ಮೂರು ಜನವೂ ಪ್ರೀತಿಯಿಂದಲೇ ಸುಮ್ಮನಿರ್ತಾರೆ. ಈ ಮೌನವೇ ಆಮೇಲೆ ಹತ್ತು ವರ್ಷ ಫೋನಿನಲ್ಲಿ ‘ಮುಂದಿನ ವರ್ಷ ನೋಡೋಣಮ್ಮ’ ಆಗುತ್ತೆ.

ನಮ್ಮ ಕಡೆಯ ಮರ ಆರೇಳು ವರ್ಷಕ್ಕೆ ಫಲ ಕೊಡೋಕೆ ಶುರು ಮಾಡಿ ಅರವತ್ತು ವರ್ಷ ನಿಲ್ಲುತ್ತೆ. ಇಟ್ಟವನು ಒಬ್ಬ, ಕೀಳೋನು ಇನ್ನೊಬ್ಬ. ಹೀಗಾಗಿ ತೋಟ ಮುಂದೆ ಯಾರದ್ದು ಅನ್ನೋ ಪ್ರಶ್ನೆಯನ್ನು ವೀಸಾ ಇರಲಿ ಬಿಡಲಿ ಒಂದು ದಿನ ಕೇಳಲೇಬೇಕು. ಮಾಕ್ ಇಂಟರ್‌ವ್ಯೂಗೆ ಕೂರಿಸೋದಕ್ಕೆ ಮೊದಲು ಮನೆಯವರೇ ಒಂದು ಸಂಜೆ ಟಿವಿ ಆರಿಸಿ ಕೂತು ಇದನ್ನು ಕೇಳಿಕೊಳ್ಳಲಿ. ಬರ್ತಾನೆ ಅಂತಾದರೆ ಯಾವಾಗ, ಬಂದು ಏನು ಮಾಡ್ತಾನೆ, ಅಲ್ಲಿವರೆಗೆ ನೀರು ಬಿಡೋರು ಯಾರು? ಬರಲ್ಲ ಅಂತಾದರೆ ತೋಟ ಏನು ಮಾಡೋದು, ನಮ್ಮ ಮುಪ್ಪಿಗೆ ಯಾರು? ಆಗ ಬಂದ ಉತ್ತರ ‘ಬರ್ತೀನಿ’ ಅಂತಿದ್ದರೆ ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ‘ಬರಲ್ಲ’ ಅಂತಿದ್ದರೆ ಪಹಣಿಯನ್ನು ಫೈಲಿನಿಂದ ತೆಗೆದಿಡಿ, ಆ ಆಸೆಯನ್ನು ಒಪ್ಪುವ ದೇಶವನ್ನು ಹುಡುಕಿ. ವೀಸಾ ಕೊಡೋದು ಬಿಡೋದು ಅವರ ಕೈಯಲ್ಲಿದೆ. ಮಗನಿಗೆ ಮನೆಯಲ್ಲಿ ನಿಜ ಹೇಳೋ ಜಾಗ ಮಾಡಿಕೊಡೋದು ನಮ್ಮ ಕೈಯಲ್ಲಿದೆ.